ಹೋಗದೇ ಉಳಿದ ಮೆಸೇಜು

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಲ್ಯಾಬುಗಳಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ರಿಪೋರ್ಟ್ ತಯಾರಾದ ಕೂಡಲೇ ರೋಗಿಯ ಮೊಬೈಲಿಗೆ ಮೆಸೇಜ್ ಹೋಗಬೇಕು. ಮೊದಮೊದಲು ಅದು ಹೋಗುವ ತನಕ ಕೌಂಟರಿನ ಕಂಪ್ಯೂಟರ್ ಗರ ಬಡಿದ ಹಾಗೆ ನಿಂತುಬಿಡುತ್ತಿತ್ತು. ಅದನ್ನು ಸರಿ ಮಾಡಿದವಳು ನಾನೇ. ಇಂಥ ಕೆಲಸಕ್ಕೆಂದೇ ಬೇರೆಯವರು ಬರೆದಿಟ್ಟ, ‘ಕ್ಯೂ ಲೈಬ್ರರಿ’ ಎನ್ನುವ ಸಿದ್ಧ ಪ್ರೋಗ್ರಾಂ ಒಂದನ್ನು ತಂದು ಜೋಡಿಸಿದೆ. ಮೆಸೇಜುಗಳು ಹಿಂದೆ ಸಾಲಾಗಿ ನಿಲ್ಲುತ್ತಿದ್ದವು. ಇನ್ನೊಂದು ಪ್ರೋಗ್ರಾಂ ಒಂದೊಂದನ್ನೇ ಎತ್ತಿ ಕಳಿಸುತ್ತಿತ್ತು. ಕೌಂಟರಿನವರು ಕಾಯಬೇಕಾಗಿರಲಿಲ್ಲ. ಐದು ಸಲ ಕಳಿಸಿದರೂ ಹೋಗದ ಮೆಸೇಜು ‘ವಿಫಲ’ ಎಂಬ ಪಟ್ಟಿಗೆ ಬೀಳುತ್ತಿತ್ತು.

ಆ ಪಟ್ಟಿ ಲ್ಯಾಬಿನವರಿಗೂ ಕಾಣಬೇಕು, ಎರಡು ದಿನ ಕೊಟ್ಟರೆ ಮಾಡುತ್ತೇನೆ ಎಂದು ಮಾಲೀಕರನ್ನು ಕೇಳಿದೆ.

“ಅದನ್ನ ಯಾರ ನೋಡ್ತಾರವಾ? ಸ್ಕ್ರೀನ್ ಲಗೂ ಬರಾಕತ್ತೇತಿ, ಅಷ್ಟ ಸಾಕು,” ಎಂದರು. ನಾನೂ ಮತ್ತೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಐವತ್ತು ದಾಟಿದ ಒಬ್ಬರು ಆಫೀಸು ಹುಡುಕಿಕೊಂಡು ಬಂದರು. ಗಾಡಿ ರಿಪೇರಿ ಮಾಡುವವರು, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಹೆಂಡತಿಯ ಎದೆಯ ಗಂಟಿನ ತುಣುಕನ್ನು ಪರೀಕ್ಷೆಗೆ ಕೊಟ್ಟು ಒಂದು ತಿಂಗಳು ಆಗುತ್ತ ಬಂದಿತ್ತು.

“ಎರಡ ಸಲ ಲ್ಯಾಬಿಗೆ ಹೋಗಿದ್ನಿರಿ. ರೆಡಿ ಆದ್ರ ಮೆಸೇಜ್ ಬರ್ತೇತಿ, ಮನಿಗೆ ಹೋಗ್ರಿ ಅಂದ್ರು. ಇವತ್ತ ಜೋರ ಮಾಡಿದ್ದಕ್ಕ, ಮೆಸೇಜ್ ಕಳಸವ್ರು ಇವರ ಅಂತ ನಿಮ್ಮ ಅಡ್ರೆಸ್ ಕೊಟ್ಟಾರ. ಒಂಚೂರ ನೋಡ್ರಿ ಅಕ್ಕಾರ.”

ಪಟ್ಟಿ ತೆಗೆದೆ. ಅವರ ಹೆಂಡತಿಯ ಹೆಸರು ಇತ್ತು. ಕೌಂಟರಿನಲ್ಲಿ ಯಾರೋ ಮೊಬೈಲ್ ನಂಬರಿನ ಒಂದು ಅಂಕಿ ಬಿಟ್ಟು ಟೈಪ್ ಮಾಡಿದ್ದರು. ರಿಪೋರ್ಟ್ ತಯಾರಾಗಿ ಮೂರು ವಾರ ಕಳೆದಿತ್ತು. ಅದರ ಕೆಳಗೆ ಇನ್ನೂ ಎಷ್ಟೋ ಹೆಸರುಗಳು.

“ರಿಪೋರ್ಟ್ ರೆಡಿ ಐತ್ರಿ, ಈಗ ಹೋಗಿ ತಗೋರಿ,” ಎಂದಷ್ಟೇ ಹೇಳಿ ಲ್ಯಾಬಿಗೆ ಫೋನ್ ಮಾಡಿದೆ.

ಅವರು ಎದ್ದು ನಿಂತು, “ರೋಗ ಏನೂ ಇಲ್ಲ, ಅದಕ್ಕ ಮೆಸೇಜ್ ಬಂದಿಲ್ಲ ಅಂತ ನಮ್ಮಾಕಿ ಖುಷಿಯಾಗಿದ್ಲರಿ,” ಎಂದರು.

ಮರುದಿನ ಲ್ಯಾಬಿನವರು ಮಾಲೀಕರ ಮೇಲೆ ಹರಿಹಾಯ್ದರು. ಮಾಲೀಕರು ನನ್ನ ಮೇಜಿನ ಹತ್ತಿರ ಬಂದು, “ಮೊಬೈಲ್ ನೆಟ್‌ವರ್ಕ್ ತೊಂದರಿ ಇತ್ತು ಅಂತ ಒಂದು ಪತ್ರ ಬರಿ,” ಎಂದರು.

“ಅದು ಖರೇ ಅಲ್ಲಲ್ರಿ ಸರ್.”

“ಪಟ್ಟಿ ನಮ್ಮ ಹತ್ರನ ಬಿದ್ದಿತ್ತು ಅಂತ ಖರೇ ಬರದ್ರ ಆಫೀಸ್ ಉಳಿತೇತೇನು?”

ಬರೆದೆ. ನನ್ನ ಕೈಯಾರೆ ಟೈಪ್ ಮಾಡಿ, ಕೆಳಗೆ ಸಹಿಯನ್ನೂ ಹಾಕಿದೆ. ಪಟ್ಟಿಯಲ್ಲಿ ಉಳಿದವರ ಹೆಸರುಗಳನ್ನು ಪ್ರಿಂಟ್ ತೆಗೆದು ಸಂಜೆ ಲ್ಯಾಬಿಗೆ ಒಯ್ದು ಕೊಟ್ಟೆ. ಕೌಂಟರಿನ ಹುಡುಗಿ ಅದನ್ನು ಡ್ರಾವರಿಗೆ ಹಾಕಿಕೊಂಡಳು. ಆಮೇಲೆ ಏನಾಯಿತೋ ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಇರಲಿಲ್ಲ ಎನ್ನುವುದೇ ಸರಿ.

ಸುಮಾರು ಒಂದು ವರ್ಷದ ಮೇಲೆ ನವನಗರದ ಬಸ್ ಸ್ಟಾಪಿನಲ್ಲಿ ಆ ಗಾಡಿ ರಿಪೇರಿಯವರು ಕಂಡರು. ನನ್ನನ್ನು ಗುರುತು ಹಿಡಿದು ಅವರೇ ಹತ್ತಿರ ಬಂದರು. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಪ್ರತಿ ಸಲ ಬೈಯುತ್ತಿದ್ದರಂತೆ.

“ನಿಮ್ದೇನು ತಪ್ಪಿಲ್ಲ ಬಿಡ್ರಿ ಅಕ್ಕಾರ. ಲ್ಯಾಬಿನ್ಯಾಗ ನಿಮ್ಮ ಪತ್ರ ತೋರಿಸಿದ್ರು. ಎಲ್ಲಾ ಆ ನೆಟ್‌ವರ್ಕಿಂದ. ಆ ಸಿಮ್ ತಗದು ಒಗದಬಿಟ್ಟೇನ್ರಿ.”

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಧಾರವಾಡದ ಬಸ್ಸು ಬಂತು. ನಾನು ಹೋಗಬೇಕಾದದ್ದು ಹುಬ್ಬಳ್ಳಿಗೆ. ಆದರೂ ಅದನ್ನೇ ಹತ್ತಿಬಿಟ್ಟೆ.