ಬಿಸಿಲಿಗಿಟ್ಟ ಮೇಣದ ಕೊಳವೆ

ನಾನು ಚಿಕ್ಕವಳಿದ್ದಾಗ ಮಂಡ್ಯದ ನಮ್ಮ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಅಪ್ಪನ ಗ್ರಾಮಫೋನುಗಳು! ಪಂಪ್‌ಸೆಟ್ ರಿಪೇರಿಗೆಂದು ಹಳ್ಳಿಗಳಿಗೆ ಹೋಗುತ್ತಿದ್ದ ಅಪ್ಪ, ಯಾರದೋ ಅಟ್ಟದ ಮೇಲಿದ್ದ ಹಳೇ ಪೆಟ್ಟಿಗೆ ಹೊತ್ತು ತರುತ್ತಿದ್ದರು. ಮುಳ್ಳು, ತುತ್ತೂರಿ ನೋಡಿಯೇ ಅದು ಯಾವ ಕಾಲದ್ದೆಂದು ಹೇಳುತ್ತಿದ್ದರು. ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಸಲ ಹೊಳಲು ಎಂಬ ಹಳ್ಳಿಯ ಅಜ್ಜಿಯೊಬ್ಬರ ಮನೆಯಿಂದ ವಿಚಿತ್ರವಾದ ಪೆಟ್ಟಿಗೆ ಬಂತು. ಹಾಡಿನ ಪ್ಲೇಟು ಕೂರಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಜೊತೆಗೆ ಲೋಟದಷ್ಟು ದಪ್ಪದ, ಕಂದು ಬಣ್ಣದ ಮೇಣದ ಕೊಳವೆ ಒಂದೇ ಒಂದು.

"ಇದು ಪ್ಲೇಟ್‌ಗಿಂತ ಮುಂಚಿನ್ದು ಕಣವ್ವ. ಹಾಡೋದಲ್ದೆ ನಮ್ ಮಾತ್ನೂ ಇಡ್ಕೊತದೆ," ಎಂದು ಅಪ್ಪ ಕುಣಿದಾಡಿಬಿಟ್ಟರು.

ಆ ಅಜ್ಜಿಯ ಗಂಡ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ಅಡುಗೆಯವರಂತೆ. ದೊರೆ ತಮಾಷೆಗೆ ಅವರ ಮಾತನ್ನು ಆ ಕೊಳವೆಯಲ್ಲಿ ಹಿಡಿದು, ತಾವು ಸ್ವದೇಶಕ್ಕೆ ಹೊರಟಾಗ ಪೆಟ್ಟಿಗೆಯನ್ನೂ ಕೊಟ್ಟಿದ್ದರಂತೆ. ಗಂಡ ತೀರಿಕೊಳ್ಳುವ ಮೊದಲೇ ಪೆಟ್ಟಿಗೆ ಕೆಟ್ಟಿತ್ತು. "ಒಂದ್ ಸಲ ಅವ್ರ ದನಿ ಕೇಳುಸ್ಬುಡಪ್ಪ, ಆಮೇಲೆ ನೀನೇ ಮಡಿಕೊ," ಎಂದಿದ್ದರು ಅಜ್ಜಿ. ಮೊದಲು ಕೇಳಬೇಕಾದವರು ಅವರೇ ಎಂದು, ರಿಪೇರಿಯಾದ ಮೇಲೂ ಅಪ್ಪ ಕೊಳವೆ ಹಾಕಿ ನೋಡಲಿಲ್ಲ.

ಅಜ್ಜಿ ಬರುವುದಾಗಿ ಹೇಳಿದ್ದು ಆಯುಧಪೂಜೆಯ ದಿನ. "ಆ ಕೊಳ್ವೆಯೊಂದ್ನ ಮುಟ್ಬ್ಯಾಡಿ," ಎಂದು ಹೇಳಿ ಅಪ್ಪ ಬಸ್‌ಸ್ಟ್ಯಾಂಡಿಗೆ ಹೋದರು. ಅಕ್ಕ ಅಂಗಳದಲ್ಲಿ ಸೈಕಲ್ಲು, ಸ್ಪ್ಯಾನರುಗಳನ್ನು ತೊಳೆಯುತ್ತಿದ್ದಳು. ಹಬ್ಬದ ದಿನ ಅದೊಂದಕ್ಕೆ ಮಾತ್ರ ಪೂಜೆಯಿಲ್ಲವೇ? ನನ್ನ ಮನಸ್ಸು ಒಪ್ಪಲಿಲ್ಲ. ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ಒಣಗಲೆಂದು ಬಿಸಿಲಿಗಿಟ್ಟೆ.

ಚೆಂಡುಹೂ ಕಟ್ಟಿ ಬಂದು ನೋಡುತ್ತೇನೆ, ಒಂದು ಅಂಚು ಮೆತ್ತಗಾಗಿ ಕುಸಿದಿದೆ! ಅಕ್ಕ ಓಡಿ ಬಂದು ಅದನ್ನು ನೆರಳಿಗೊಯ್ದಳು. "ಏನ್ ಕೆಲ್ಸ ಮಾಡ್ಬುಟ್ಟೆ!" ಎಂದಳು. ಅಷ್ಟರಲ್ಲಿ ಅಜ್ಜಿಯ ಜೊತೆ ಅಪ್ಪ ಬಂದೇಬಿಟ್ಟರು.

ಕೊಳವೆ ನೋಡಿದ ಅಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಕುಸಿದ ಅಂಚು ಅಜ್ಜಿಗೆ ಕಾಣದಂತೆ ಅದನ್ನು ಕೂರಿಸಿ ಕೀಲಿ ಕೊಟ್ಟರು. ಬರೀ ಕರಕರ ಸದ್ದು. ಆಮೇಲೆ ದೂರದಿಂದ ಗಂಡಸಿನ ದನಿ ಬಂತು: "ಉಪ್ಪು ಆಕಿವ್ನಿ ಬುದ್ಧಿ, ಇನ್ನ..."

"ಅವ್ರೇ ಕಣಪ್ಪ! ಅವ್ರೇ!" ಎಂದು ಅಜ್ಜಿ ಎದ್ದು ನಿಂತರು.

ಮುಳ್ಳು ಕುಸಿದ ಅಂಚಿಗೆ ಸಿಕ್ಕಿ, ಕೊಳವೆ ಟಪ್ಪೆಂದು ಎರಡು ಹೋಳಾಯಿತು. ಅಜ್ಜಿಗೆ ಅದು ತಿಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಇನ್ನೊಂದ್ ಸಲ ಆಕಪ್ಪ," ಎಂದರು.

ಅಪ್ಪ ಹೋಳುಗಳನ್ನು ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ. "ನಾನೇ ಬಿಸ್ಲಿಗಿಟ್ಟೆ ಅಜ್ಜಿ, ಇನ್ ಬರಾಕಿಲ್ಲ," ಎಂದು ಗೊಳೋ ಎಂದು ಅತ್ತೆ.

ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡು, "ಅಳ್ಬ್ಯಾಡ ಕಣ್ ಮಗ. ಬದ್ಕಿದ್ದಾಗ್ಲೂ ಅವ್ರು ಮಾತು ಪೂರ್ತಿ ಆಡ್ದೋರಲ್ಲ," ಎಂದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಈಗ ನೋಡಿ ಮಕ್ಕಳಾ, ನಿಮ್ಮ ಮೊಬೈಲುಗಳಲ್ಲಿ ನಾನು ಕಳಿಸಿದ ಬೈಗುಳದ ವಾಯ್ಸ್ ಮೆಸೇಜುಗಳೇ ನೂರಾರು ಇವೆ. ಎಷ್ಟು ಸಲ ಬೇಕಾದರೂ ಹಾಕಿಕೊಳ್ಳಬಹುದು. ನೀವೋ, ಅರ್ಧ ಕೇಳುವಷ್ಟರಲ್ಲಿ ಮುಂದಕ್ಕೆ ಓಡಿಸುತ್ತೀರಿ. ಉಪ್ಪು ಹಾಕಿದ್ದೇನೆ ಎಂಬ ಒಂದು ಮಾತು ಕೇಳಲು ಆ ಅಜ್ಜಿ ಮೂವತ್ತು ವರ್ಷ ಕಾದಿದ್ದರು ಕಣ್ರೋ.