ಒಂದೇ ಮಳೆ, ಎರಡು ಬಾಟಲಿ

1988ರಲ್ಲಿ ನಾನು ಕಲಬುರಗಿಯ ಒಂದು ರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಖೂಬಾ ಪ್ಲಾಟ್ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಿಮ್ಮ ಅಜ್ಜ, ನಾನು ಮತ್ತು ಆಗಿನ್ನೂ ತೊಟ್ಟಿಲಲ್ಲಿದ್ದ ನಿಮ್ಮ ಅಪ್ಪ ಇದ್ದೆವು. ಅಜ್ಜ ಬದುಕಿದ್ದರೆ ಇದನ್ನು ಬರೆಯಲು ನಾಚುತ್ತಿದ್ದೆ. ಇದು ನನ್ನ ಹೊಟ್ಟೆಕಿಚ್ಚಿನ ಸಂಗತಿ, ಅವರಿಗೂ ಪೂರ್ತಿ ಹೇಳಿರಲಿಲ್ಲ.

ನಮ್ಮ ಕೆಲಸ ಮಳೆ ನೀರಿನ ಪರೀಕ್ಷೆ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಏಳು ಎಂದರೆ ನಡುವೆ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಶುಭ್ರ ಗಾಳಿಯಲ್ಲಿ ಬೀಳುವ ಮಳೆಯೂ ತುಸು ಹುಳಿಯೇ, ಸುಮಾರು 5.6. ಕಾರ್ಖಾನೆಯ ಹೊಗೆ ಅದನ್ನು ಇನ್ನಷ್ಟು ಹುಳಿ ಮಾಡುತ್ತದೆ, ಸುಣ್ಣದಂಶದ ಧೂಳು ಆ ಹುಳಿಯನ್ನು ಮುರಿಯುತ್ತದೆ. ನಮ್ಮ ಸೀಮೆಯ ಧೂಳು ಎಷ್ಟು ಮುರಿಯುತ್ತದೆ ಎಂಬುದು ನಮ್ಮ ಪ್ರಶ್ನೆ. ಅದಕ್ಕಾಗಿ ಎರಡು ಕಡೆ ಮಳೆ ಹಿಡಿಯುತ್ತಿದ್ದೆವು. ವಿಭಾಗದ ಮಾಳಿಗೆಯ ಮೇಲಿನ ಬಾಟಲಿ ಶಾಹೀನಳದು. ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ನನ್ನ ತವರುಮನೆಯ ಮಾಳಿಗೆಯ ಮೇಲಿನದು ನನ್ನದು.

ಶಾಹೀನ್ ನಾನು ಸೇರಿದ ದಿನವೇ ಸೇರಿದವಳು. ನಾನು ಕಮಲಾಪುರದ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಬೇಕೆಂದರೆ ಹಿಂದಿನ ದಿನವೇ ಬರೆದು ಬಾಯಿಪಾಠ ಮಾಡುತ್ತಿದ್ದೆ. ಆಕೆ ಇಂಗ್ಲಿಷಿನಲ್ಲಿ ನಗೆಚಾಟಿಕೆಯನ್ನೂ ಮಾಡುತ್ತಿದ್ದಳು. ನಮ್ಮ ಪ್ರೊಫೆಸರ್ ದೇಸಾಯಿ ಸರ್ ಆಕೆಗೆ ಮಳೆಯ ಜೊತೆಗೆ ಶುಕ್ರಗ್ರಹದ ಮೋಡಗಳ ಲೆಕ್ಕವನ್ನೂ ಕೊಟ್ಟಿದ್ದರು. ಅಲ್ಲಿಯ ಮೋಡ ಗಂಧಕಾಮ್ಲದ ಹನಿಗಳದು. ಆ ಮಳೆ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಹೊರಗಿನಿಂದ ಯಾರೇ ಬಂದರೂ ಸರ್ ಮೊದಲು ಆಕೆಯ ಮೇಜಿಗೆ ಕರೆದೊಯ್ಯುತ್ತಿದ್ದರು. ಯಾರೂ ಬಾಟಲಿ ಇಡಲಾಗದ ಮಳೆ ಆಕೆಯದು, ತಪ್ಪು ಹಿಡಿಯುವವರೂ ಇಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆಕೆಯ ದುಪಟ್ಟಾದ ಬಣ್ಣ ಕೂಡ ನನಗೆ ಸೇರುತ್ತಿರಲಿಲ್ಲ.

ಆ ವರ್ಷ ಹೊರರಾಜ್ಯದ ಒಂದು ದೊಡ್ಡ ಸಂಶೋಧನಾ ಕೇಂದ್ರದಿಂದ ಪತ್ರ ಬಂತು. ಆರು ತಿಂಗಳ ತರಬೇತಿ, ನಮ್ಮ ವಿಭಾಗದಿಂದ ಒಬ್ಬರಿಗೆ ಮಾತ್ರ. ಅಷ್ಟರಲ್ಲಿ ನನ್ನ ಕಮಲಾಪುರದ ಮಳೆ ಮಾತನಾಡತೊಡಗಿತ್ತು. ಶಾಹೀನಳ ಬಾಟಲಿಯಲ್ಲಿ ಪಿಎಚ್ ಆರೂವರೆಯ ಆಸುಪಾಸು ಬಂದರೆ ನನ್ನದರಲ್ಲಿ ಎಂಟರ ಹತ್ತಿರ. ಎರಡು ಮಳೆಗಾಲ, ಪ್ರತಿ ಮಳೆಯಲ್ಲೂ ಹಾಗೆಯೇ. ಸರ್ ನನ್ನ ಮೇಜಿನ ಬಳಿ ನಿಂತು, "ಗೌರಾಬಾಯಿ, ನಿಮ್ಮೂರ ಮಳಿ ಎಲ್ಲಾರ್ನೂ ಬೆರಗು ಮಾಡ್ತದ ನೋಡ್ರಿ. ಪೇಪರ್ ಬರೀರಿ, ನಿಮ್ಮ ಹೆಸರೇ ಕಳಸ್ತೀನಿ" ಎಂದರು. ಅಂದು ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಹೊಸ ಸೂಟ್‌ಕೇಸುಗಳನ್ನು ನೋಡಿಕೊಂಡು ಬಂದೆ.

ಮರುವಾರ ಶಾಹೀನ್ ನನ್ನ ಅಳತೆಯ ಪುಸ್ತಕ ತಿರುವಿಹಾಕುತ್ತ ಅಂದಳು: "ಗೌರಾ, ನಿನ್ನ ಮಳ್ಯಾಗ ಪೊಟ್ಯಾಸಿಯಂ ಭಾಳ ಅದ ನೋಡು. ಅದು ಬೂದ್ಯಾಗಿನ ಅಂಶ. ಮೋಡದಾಗ ಬೂದಿ ಎಲ್ಲಿಂದ ಬರ್ತದ?"

"ನಿನಗ ಶುಕ್ರ ಅದಲ್ಲ, ನನ್ನ ಮಳಿ ಮ್ಯಾಲ ಯಾಕ ಕಣ್ಣು?"

"ಅರೆ ಬಾಪ್ರೆ! ಶುಕ್ರನೂ ನೀನೇ ತಗೋ, ನಾಳಿಂದ ನೀನೇ ಲೆಕ್ಕ ಮಾಡು" ಎಂದು ನಕ್ಕು ಎದ್ದುಹೋದಳು. ನಾನು ಪೊಟ್ಯಾಸಿಯಂಗೆ ಕಾರಣ ಒಲೆಯ ಹೊಗೆ ಎಂದು ಪೇಪರಿನಲ್ಲಿ ಒಂದು ಸಾಲು ಸೇರಿಸಿದೆ. ಅಂಥ ಒಲೆಗಳು ಕಲಬುರಗಿಯಲ್ಲೂ ಉರಿಯುತ್ತವಲ್ಲ, ಅಲ್ಲಿಯ ಮಳೆಯಲ್ಲಿ ಅದೇಕಿಲ್ಲ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಸರ್‌ಗೂ ಆ ಸಾಲು ಚುಚ್ಚಿತೇನೋ. ಪೇಪರ್ ಕಳಿಸುವ ಮೊದಲು ಶಾಹೀನಳ ಒಂದು ಬಾಟಲಿಯನ್ನು ನನ್ನದರ ಪಕ್ಕದಲ್ಲೇ ಇಟ್ಟು ಒಂದು ಮಳೆ ಹಿಡಿಯಲು ಹೇಳಿದರು. ಆಗಸ್ಟಿನಲ್ಲಿ ಇಬ್ಬರೂ ಕಮಲಾಪುರಕ್ಕೆ ಹೋದೆವು.

ಅಲ್ಲಿ ನನ್ನ ಬಾಟಲಿಯ ಜವಾಬ್ದಾರಿ ನಮ್ಮ ವೈನಿಯದು, ಅಂದರೆ ನನ್ನ ಅಣ್ಣನ ಹೆಂಡತಿ ಕಾಶಮ್ಮನದು. ಮೋಡ ಕವಿದಾಗ ಮಾಳಿಗೆ ಹತ್ತಿ ಮುಚ್ಚಳ ತೆಗೆಯುವುದು, ಮಳೆ ನಿಂತ ಮೇಲೆ ಮುಚ್ಚಿಡುವುದು ಆಕೆಯ ಕೆಲಸ. ವೈನಿ ಶಾಹೀನಳಿಗೆ ಕೆಂಪು ಬಾಳೆಹಣ್ಣಿನ ಚಿಪ್ಪು ಮುಂದಿಟ್ಟು, "ತಿನ್ನು ತಂಗಿ, ನಮ್ಮ ಗೌರಾನಂಗ ಒಣಕಟಿಗಿ ಆಗಬ್ಯಾಡ" ಎಂದಳು. ಶಾಹೀನ್ ಒಂದಾದ ಮೇಲೊಂದು ನಾಲ್ಕು ತಿಂದು ಆಕೆಯ ಮನಸ್ಸು ಗೆದ್ದಳು. ನನ್ನ ತವರೂ ಆಕೆಯದಾಯಿತಲ್ಲ ಎಂದು ನಾನು ಹಲ್ಲು ಕಚ್ಚಿದೆ.

ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೋಡ ಬಂತು. ವೈನಿ ಮೇಲೆ ಹೋಗಿ ಎರಡೂ ಮುಚ್ಚಳ ತೆಗೆದು ಬಂದಳು. ಮುಕ್ಕಾಲು ಗಂಟೆ ಚೆನ್ನಾಗಿ ಸುರಿಯಿತು. ಮಳೆ ನಿಂತ ಕೂಡಲೇ ಹತ್ತಿಹೋಗಿ ಎರಡೂ ನೀರಿನಲ್ಲಿ ಪಿಎಚ್ ಕಾಗದದ ಪಟ್ಟಿ ಅದ್ದಿದೆವು. ಆಕೆಯದು ತುಸು ಹುಳಿ ತೋರಿಸುವ ಹಳದಿಗೆ ತಿರುಗಿತು, ನನ್ನದು ಕ್ಷಾರ ತೋರಿಸುವ ನೀಲಿ ಬೆರೆತ ಹಸಿರಿಗೆ. ಒಂದೇ ಮಾಳಿಗೆ, ಒಂದೇ ಮಳೆ, ನಡುವೆ ಒಂದು ಮೊಳ ಅಂತರ.

"ನೀ ಬೇಕಂತ ಮಾಡೀದಿ" ಎಂದೆ. "ಬಾಟಲಿ ಆಸಿಡ್‌ನಾಗ ತೊಳ್ದು ಸರಿಯಾಗಿ ಜಾಲಿಸಿಲ್ಲ. ನನ್ನ ಪೇಪರ್ ಕೆಡಸಾಕ ಬಂದೀದಿ."

ಶಾಹೀನ್ ಮೊದಲ ಬಾರಿಗೆ ನಗಲಿಲ್ಲ. ನಮ್ಮ ಹಿಂದೆ ನಿಂತಿದ್ದ ವೈನಿ ಗಾಬರಿಯಾದಳು.

"ಬೈಬ್ಯಾಡವಾ ಆಕಿಗಿ. ತಪ್ಪು ನಂದು. ಆಕಿ ಬಾಟ್ಲಿ ನಾ ಶುದ್ಧ ಮಾಡ್ಲಿಲ್ಲ. ಆಕಿ ದೇವರು ಬ್ಯಾರೆ, ವಿಭೂತಿ ಹಚ್ಚಿದ್ರ ಮನಸಿಗಿ ಏನರ ಅನಿಸ್ತದಂತ ಬಿಟ್ಟೆ. ನಿಂದಕ್ಕ ಹಚ್ಚೀನಿ, ಯಾವತ್ತೂ ತಪ್ಪಿಸಿಲ್ಲ."

ನನ್ನ ಬಾಟಲಿಯ ಬಾಯಿಗಿಟ್ಟಿದ್ದ ಆಲಿಕೆಯ ಒಳಮೈಯನ್ನು ಬೆರಳಿನಿಂದ ಮುಟ್ಟಿದೆ. ಮಳೆ ಪೂರ್ತಿ ತೊಳೆಯದೆ ಬಿಟ್ಟ ಬೂದಿ ತುದಿಬೆರಳಿಗೆ ಹತ್ತಿತು. ಹಿಂದಿನ ವರ್ಷ ಕೆಲಸ ಕಲಿಸುವಾಗ ನಾನೇ ಒತ್ತಿ ಹೇಳಿದ್ದೆ: "ಸ್ವಚ್ಛ ಇದ್ರ ಸಾಲದು ವೈನಿ, ಶುದ್ಧ ಇರ್ಬೇಕು." ನಮ್ಮ ಮನೆಯಲ್ಲಿ ತೊಳೆದದ್ದು ಸ್ವಚ್ಛ, ವಿಭೂತಿ ಸೋಕಿದ್ದು ಶುದ್ಧ. ಆಕೆ ಸ್ನಾನ ಮಾಡಿ, ಪ್ರತಿ ಮಳೆಗೂ ಆಲಿಕೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಳು. ವಿಭೂತಿ ಸೆಗಣಿಯ ಬೂದಿ; ಅದರಲ್ಲಿ ಪೊಟ್ಯಾಸಿಯಂ ಇದೆ, ನೀರನ್ನು ಕ್ಷಾರ ಮಾಡುವ ಗುಣವಿದೆ. ನಾನು ಎರಡು ವರ್ಷ ಅಳೆದದ್ದು ಅದನ್ನೇ.

ವಾಪಸು ಬರುವಾಗ ಶಾಹೀನ್ ಇಷ್ಟೇ ಹೇಳಿದಳು: "ಸರ್ ಮುಂದ ನಾ ಏನೂ ಹೇಳಂಗಿಲ್ಲ. ನಿನ್ನ ಮಳಿ, ನೀನೇ ನೋಡ್ಕೋ."

ಮೂರು ದಿನ, ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಸರ್‌ಗೆ ಹೇಳುತ್ತ ಬಂದೆ. ಪೇಪರ್ ಟೈಪಾಗಿತ್ತು, ಹೆಸರು ಕಳಿಸುವ ಕಡೆಯ ದಿನ ಹತ್ತಿರ ಬಂದಿತ್ತು. ಕೊನೆಗೆ ನಿಜ ಹೇಳಿದ್ದು ಒಳ್ಳೆಯತನದಿಂದಲ್ಲ. ನಾನು ಆ ಕೇಂದ್ರಕ್ಕೆ ಹೋದರೂ ಶಾಹೀನ್ ಮುಚ್ಚಿಟ್ಟದ್ದರಿಂದ ಹೋದಂತಾಗುತ್ತದೆ, ನನ್ನ ಗೆಲುವೂ ಆಕೆ ಬಿಟ್ಟುಕೊಟ್ಟದ್ದಾಗುತ್ತದೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಸರ್ "ಎಷ್ಟು ಮಳಿ ಹೋದವು?" ಎಂದರು.

"ಎಲ್ಲಾ ರೀ ಸರ್."

ತರಬೇತಿಗೆ ಶಾಹೀನ್ ಹೋದಳು. ಆಕೆ ಹೊರಟ ದಿನ ಜ್ವರವೆಂದು ಹೇಳಿ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಜ್ವರ ಇರಲಿಲ್ಲ. ಮುಂದೆ ಆಕೆ ಅಲ್ಲಿಯೇ ಕೆಲಸ ಹಿಡಿದು ಗ್ರಹಗಳ ವಾತಾವರಣದ ಮೇಲೆ ದೊಡ್ಡ ಕೆಲಸ ಮಾಡಿದಳು. ಆಕೆಯ ಹೆಸರು ಅಚ್ಚಾದ ಪುಟ ಕಂಡಾಗ ಇಂದಿಗೂ ನನಗೆ ಎದೆಯಲ್ಲಿ ಒಂದು ಮುಳ್ಳು ಆಡುತ್ತದೆ. ಅದು ಹೋಯಿತೆಂದು ಬರೆದರೆ ನಿಮಗೆ ಸುಳ್ಳು ಹೇಳಿದಂತೆ.

ನಾನು ಮುಂದಿನ ಜೂನ್‌ನಲ್ಲಿ ಮೊದಲಿನಿಂದ ಶುರುಮಾಡಿದೆ. ಪ್ರತಿ ಸಲ ಒಂದು ಬಾಟಲಿಯಲ್ಲಿ ಬರೀ ಶುದ್ಧೀಕರಿಸಿದ ನೀರು ತುಂಬಿ, ಮಳೆಯ ಬಾಟಲಿಗೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಿಸಿ ತರುತ್ತಿದ್ದೆ. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅದು ಆಕಾಶದ್ದಲ್ಲ, ನಮ್ಮ ಕೈಯದು. ಶಾಹೀನ್ ಪೊಟ್ಯಾಸಿಯಂ ತೋರಿಸಿದ ದಿನವೇ ಇದನ್ನು ಮಾಡಬಹುದಿತ್ತು; ಆಕೆ ಹೇಳಿದಳೆಂಬ ಒಂದೇ ಕಾರಣಕ್ಕೆ ಮಾಡಲಿಲ್ಲ. ಬೇರೆಯವರ ಮಾತನ್ನು ಅವರ ಮುಖ ಮರೆತು ಪರೀಕ್ಷೆಗೆ ಹಾಕಬೇಕೆಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ.

ಆ ಜೂನ್‌ನಲ್ಲಿ ವೈನಿಯ ಎದುರು ಕುಳಿತು ಕೆಲಸ ತೋರಿಸಿದೆ. ಆಕೆ ಗಮನವಿಟ್ಟು ನೋಡಿ ಕೇಳಿದಳು: "ಹಂಗಾದ್ರ ಶುದ್ಧ ಅಂದ್ರ ಏನು?"

"ಏನೂ ಹಚ್ಚಬಾರದು ವೈನಿ. ಮುಟ್ಟಲೂಬಾರದು."

"ಇಷ್ಟೇ ಅಂದಿದ್ರ ಆಗ್ತಿತ್ತಲ್ಲವಾ? ಮುಟ್ಟಬ್ಯಾಡ ಅಂದಿದ್ರ ಮುಟ್ತಿರ್ಲಿಲ್ಲ" ಎಂದು ವೈನಿ ಬಾಟಲಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕುಳಿತಳು.