ಪಿಸ್ತೂಲಿನ ಮೇಲಿನ ವಿಭೂತಿ

ಹೆಂಡತಿಯ ಏರ್ ಪಿಸ್ತೂಲಿಗೆ ಹೊಸ ಗುರಿಪಟ್ಟಿ ಹಾಕಿದವನು ನಾನೇ. ಅಷ್ಟು ಖಚಿತ. ಹಳೆಯದು ಸರಿಯಾಗಿ ಎಲ್ಲಿ ಕೂತಿತ್ತು ಎಂಬುದು ಮಾತ್ರ ಈಗಲೂ ಗೊತ್ತಿಲ್ಲ.

ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಜಾರಿ ಬಿದ್ದು, ಪಿಸ್ತೂಲಿನ ಹಿಂಬದಿಯ ಆ ಪುಟ್ಟ ಪಟ್ಟಿ ಬಾಗಿತ್ತು. ಪಟ್ಟಿಯ ನಡುವಿನ ಕಂಡಿಯಲ್ಲಿ ನಳಿಗೆಯ ತುದಿಯ ಕಡ್ಡಿಯನ್ನು ನೋಡುತ್ತ ಅವಳು ಗುರಿಯಿಡುತ್ತಾಳೆ. ಭಾನುವಾರ ಕಡೂರಿನಲ್ಲಿ ಜಿಲ್ಲಾ ಶೂಟಿಂಗ್ ತಂಡದ ಆಯ್ಕೆ ಪಂದ್ಯ. ಕಳೆದ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ತರೀಕೆರೆಯ ಶಾಲೆಯಲ್ಲಿ ಪಾಠ ಮುಗಿಸಿ ಬಂದು ವರ್ಷವಿಡೀ ಹಿತ್ತಲಲ್ಲಿ ಅಭ್ಯಾಸ ಮಾಡಿದ್ದು ಇದೊಂದಕ್ಕೆ.

ಹೊಸ ಪಟ್ಟಿ ಶುಕ್ರವಾರ ಕೊರಿಯರ್‌ನಲ್ಲಿ ಬಂತು. ಅವಳು ಬರುವಷ್ಟರಲ್ಲಿ ಮುಗಿಸೋಣವೆಂದು ಊಟದ ಮೇಜಿನ ಮೇಲೆ ಟವೆಲ್ ಹಾಸಿದೆ. ಒಳಗೆ ಗುಂಡಿಲ್ಲವೆಂದು ನೋಡಿಕೊಂಡೆ. ಆಯುಧಪೂಜೆಯ ದಿನ ಅಮ್ಮ ಮಿಕ್ಸಿ, ಸ್ಕೂಟರ್, ಈಳಿಗೆಮಣೆಗಳ ಜೊತೆ ಇದಕ್ಕೂ ವಿಭೂತಿ ಎಳೆದಿದ್ದರು. ಪಟ್ಟಿಯ ಬದಿಗೆ ತಾಗಿಕೊಂಡೇ ನಳಿಗೆಯ ಮೇಲೆ ಅದು ಒಣಗಿ ಗಟ್ಟಿಯಾಗಿತ್ತು. ಎಣ್ಣೆಬಟ್ಟೆಯಲ್ಲಿ ಉಜ್ಜಿ ತೆಗೆದೆ. ಸ್ಕ್ರೂ ಸಡಿಲಿಸಿ ಹಳೆಯ ಪಟ್ಟಿಯನ್ನು ಪಕ್ಕಕ್ಕೆ ಜಾರಿಸಿ ತೆಗೆದು, ಹೊಸದನ್ನು ತೂರಿಸಿದೆ. ಆಗ ಕೈ ನಿಂತಿತು. ಎಲ್ಲಿಯವರೆಗೆ ತಳ್ಳಬೇಕು?

ನಡುವಿಗಿಂತ ಚೂರು ಬಲಕ್ಕೆ ಎಂದಿತು ನೆನಪು. ನಂಬಿ ಬಿಗಿದೆ.

ಸಂಜೆ ಅವಳು ಹೊಡೆದ ಗುಂಡುಗಳೆಲ್ಲ ಬಲಕ್ಕೇ ಹೋದವು.

“ಬಿಚ್ಚೋಕ್ ಮುಂಚೆ ಗುರುತು ಮಾಡ್ಕೊಂಡಿದ್ರಾ?”

“ಇಲ್ಲ. ನೆನಪಿತ್ತು.”

“ಹಾಲು ತರೋದು ನೆನಪಿರಲ್ಲ ನಿಮ್ಗೆ, ಇದು ನೆನಪಿತ್ತಂತೆ!”

ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿದರು. “ಲೇ, ಅದ್ರ್ ಪಕ್ಕದಾಗೇ ವಿಭೂತಿ ಎಳ್ದಿದ್ನಲ್ಲೋ, ಎಲ್ಲೋಯ್ತು?”

“ಒರೆಸ್ದೆ.”

“ಹಬ್ಬದಲ್ಲಿ ಇಟ್ಟಿದ್ದನ್ನ ಒರೆಸ್ತಾರೇನೋ? ಸ್ಕೂಟರ್ ಮೇಲಿಂದು ಇನ್ನೂ ಐತೆ ನೋಡು!”

ಅಮ್ಮನಿಗೆ ಅಪಶಕುನದ ಚಿಂತೆ. ಹೆಂಡತಿ ನನ್ನತ್ತ ನೋಡಿದ ನೋಟವೇ ಬೇರೆ. ಆ ಒಣ ವಿಭೂತಿಯ ಅಂಚು ನಿಂತಲ್ಲೇ ಹಳೆಯ ಪಟ್ಟಿಯ ಅಂಚೂ ಇತ್ತು. ಇದ್ದ ಒಂದೇ ಗುರುತನ್ನು ನಾನು ಕೊಳೆಯೆಂದು ಉಜ್ಜಿ ಹಾಕಿದ್ದೆ.

ಶನಿವಾರ ಮಧ್ಯಾಹ್ನವೆಲ್ಲ ಅವಳು ಪಟ್ಟಿ ಸರಿಸುತ್ತ, ಹೊಡೆಯುತ್ತ, ಮತ್ತೆ ಸರಿಸುತ್ತ ನಿಂತಳು. ಗುಂಡು ಹಲಗೆಗೆ ಬಡಿದಾಗಲೆಲ್ಲ ನಾನು ಅಡುಗೆಮನೆಯಿಂದ ಎದ್ದು ಬರುತ್ತಿದ್ದೆ, ಅವಳ ಮುಖ ನೋಡಿ ಹಿಂದಿರುಗುತ್ತಿದ್ದೆ. ಆ ಪಟ್ಟಿಯನ್ನು ನಾನು ಯಾವತ್ತಾದರೂ ನಿಜವಾಗಿ ನೋಡಿದ್ದೆನೆ? ಅಥವಾ ಕೈ ನಿಂತ ಆ ಗಳಿಗೆಯಲ್ಲೇ ಒಂದು ನೆನಪನ್ನು ಹುಟ್ಟಿಸಿಕೊಂಡೆನೆ?

ಹೊತ್ತು ಇಳಿಯುವಾಗ ಗುಂಡುಗಳು ನಡುವಿನ ಕಪ್ಪು ಸುತ್ತಿನೊಳಗೆ ಬೀಳತೊಡಗಿದವು.

“ಅತ್ತೇ, ವಿಭೂತಿ ತನ್ನಿ.”

“ಈಗ್ಯಾವ ಹಬ್ಬಾನೇ?”

“ಹಬ್ಬ ಅಲ್ಲ, ನಿಮ್ಮಗನ ಕೈಯಿಂದ ಕಾಪಾಡೋಕೆ.”

ಅಮ್ಮ ನಗುತ್ತಲೇ ಪಟ್ಟಿ ಮತ್ತು ನಳಿಗೆ ಎರಡಕ್ಕೂ ಸೇರಿಸಿ ಒದ್ದೆ ವಿಭೂತಿಯಲ್ಲಿ ಒಂದೇ ಗೆರೆ ಎಳೆದರು. ಪಟ್ಟಿ ಕದಲಿದರೆ ಗೆರೆ ಮುರಿಯುತ್ತದೆ.

ಭಾನುವಾರ ಬಸ್ಸು ಬೀರೂರು ದಾಟುವಾಗ ಪಿಸ್ತೂಲಿನ ಡಬ್ಬಿ ತೆರೆದು ನೋಡಲು ಕೈ ಚಾಚಿದೆ. ಅವಳು ಮುಚ್ಚಳ ಒತ್ತಿ ಹಿಡಿದಳು. “ಸುಮ್ನೆ ಕೂತ್ಕೊಳ್ರೀ.”

ಕಡೂರಿನಲ್ಲಿ ತೆರೆದಾಗ ಗೆರೆ ಹಾಗೇ ಇತ್ತು. ಆಯ್ಕೆಯಾದವರನ್ನು ಕೂಗುವಾಗ ಅವಳ ಹೆಸರು ಕೊನೆಯಲ್ಲಿ ಬಂತು, ಆದರೂ ಬಂತು.

ಇದನ್ನು ಬರೆಯುವ ಮುನ್ನ, ಗೆರೆ ಪಟ್ಟಿಯ ಯಾವ ಬದಿಯಲ್ಲಿದೆ ಎಂದು ಎದ್ದು ಹೋಗಿ ನೋಡಿದೆ. ಬಲಕ್ಕೆ ಎಂದುಕೊಂಡಿದ್ದೆ. ಎಡಕ್ಕಿದೆ.